ಜಠರದ ಕ್ಯಾನ್ಸರ್: ಅರ್ಧ ಮಿಲಿಮೀಟರಿಗೆ ಯಾಕಿಷ್ಟು ತೂಕ?

2025ರ ಜೂನ್‌ನಲ್ಲಿ ಜಠರದ ಕ್ಯಾನ್ಸರ್ ಬಗ್ಗೆ ಒಂದು ಸುದ್ದಿ ಬಂತು. ಸರ್ಜರಿಗೆ ಮೊದಲು ಮತ್ತು ಆಮೇಲೆ ಕೊಡುವ ಕೀಮೋ ಜೊತೆ ಡರ್ವಾಲುಮ್ಯಾಬ್ ಎಂಬ ಇಮ್ಯುನೊಥೆರಪಿ ಔಷಧ ಸೇರಿಸಿದರೆ ರೋಗ ಮರುಕಳಿಸುವುದು ಕಡಿಮೆಯಾಗುತ್ತದೆ ಎಂದು ಮ್ಯಾಟರ್‌ಹಾರ್ನ್ ಎಂಬ ದೊಡ್ಡ ಪ್ರಯೋಗ ತೋರಿಸಿತು. ರೋಗ ಬೆಳೆಯದೆ, ಮರಳಿ ಬಾರದೆ ಎರಡು ವರ್ಷ ದಾಟಿದವರು ಹೊಸ ಔಷಧದ ಗುಂಪಿನಲ್ಲಿ ಸುಮಾರು ಶೇ 67. ಬರೀ ಕೀಮೋ ಗುಂಪಿನಲ್ಲಿ ಸುಮಾರು ಶೇ 59.

ಇನ್ನೊಂದು ಬಗೆಯ ಸುದ್ದಿಯೂ ಆಗಾಗ ಓಡಾಡುತ್ತದೆ. ಹೊಟ್ಟೆ ಕೊಯ್ಯದೆ, ಬಾಯಿಂದ ಇಳಿಸಿದ ಎಂಡೋಸ್ಕೋಪ್‌ನಿಂದಲೇ ಕ್ಯಾನ್ಸರ್ ಕೆತ್ತಿ ತೆಗೆದರು, ಕೀಮೋ ಏನೂ ಬೇಕಾಗಲಿಲ್ಲ, ಐದು ವರ್ಷದ ನಂತರವೂ ರೋಗಿ ಚೆನ್ನಾಗಿದ್ದಾರೆ ಅಂತ.

ಎರಡನ್ನೂ ಓದಿದವರಿಗೆ ಗೊಂದಲ ಆಗುವುದು ಸಹಜ. ಒಂದೇ ಅಂಗ, ಒಂದೇ ಹೆಸರಿನ ರೋಗ. ಕೆಲವೊಮ್ಮೆ ಗೆಡ್ಡೆಯ ಅಗಲವೂ ಒಂದೇ. ಒಬ್ಬರಿಗೆ ಕೆಲವೇ ದಿನಗಳ ಆಸ್ಪತ್ರೆ ವಾಸ, ಇನ್ನೊಬ್ಬರಿಗೆ ತಿಂಗಳುಗಟ್ಟಲೆ ಕೀಮೋ, ದೊಡ್ಡ ಸರ್ಜರಿ, ಮತ್ತೆ ಕೀಮೋ. ಈ ವ್ಯತ್ಯಾಸಕ್ಕೆ ಹಲವು ಕಾರಣ ಇದ್ದರೂ ಮೊದಲ ಕಾರಣ ಆಳ. ಗೆಡ್ಡೆ ಜಠರದ ಗೋಡೆಯಲ್ಲಿ ಯಾವ ಪದರದವರೆಗೆ ಇಳಿದಿದೆ ಅನ್ನುವುದು. ಮ್ಯಾಟರ್‌ಹಾರ್ನ್‌ಗೆ ರೋಗಿಗಳನ್ನು ಆರಿಸುವಾಗಲೂ ನೋಡಿದ್ದು ಇದನ್ನೇ: ಗೆಡ್ಡೆ ಸ್ನಾಯುಪದರವನ್ನು ದಾಟಿರಬೇಕು, ಇಲ್ಲವೇ ದುಗ್ಧಗ್ರಂಥಿಗಳಿಗೆ, ಅಂದರೆ ಲಿಂಫ್ ನೋಡ್‌ಗಳಿಗೆ ಹರಡಿರಬೇಕು.

ಗೋಡೆಯ ಒಳಗೆ ಏನಿದೆ

ಜಠರದ ಗೋಡೆ ಕೆಲವೇ ಮಿಲಿಮೀಟರ್ ದಪ್ಪ. ಅಷ್ಟರಲ್ಲೇ ಐದು ಪದರಗಳಿವೆ. ಊಟ ತಾಗುವ ಒಳಪದರ ಮ್ಯೂಕೋಸಾ. ಅದರ ಕೆಳಗೆ ಸಡಿಲವಾದ ಸಬ್‌ಮ್ಯೂಕೋಸಾ. ಆಮೇಲೆ ಊಟವನ್ನು ಕಲಸುವ ಗಟ್ಟಿ ಸ್ನಾಯುಪದರ. ಅದರಾಚೆ ಕೊಬ್ಬಿನ ತೆಳು ಪದರ, ಸಬ್‌ಸೀರೋಸಾ. ಎಲ್ಲಕ್ಕೂ ಹೊರಗೆ ಹೊಳೆಯುವ ತೆಳ್ಳನೆಯ ಪೊರೆ, ಸೀರೋಸಾ.

ಜಠರದ ಸಾಮಾನ್ಯ ಕ್ಯಾನ್ಸರ್ ಹುಟ್ಟುವುದು ಒಳಪದರದಲ್ಲಿ. ಅಲ್ಲಿಂದ ಹೊರಕ್ಕೆ ಕೊರೆಯುತ್ತಾ ಹೋಗುತ್ತದೆ. ರಿಪೋರ್ಟಿನಲ್ಲಿ ಕಾಣುವ 'ಟಿ' ಅಕ್ಷರ ಈ ಕೊರೆತದ ಅಳತೆ. ಮ್ಯೂಕೋಸಾದಲ್ಲೇ ಇದ್ದರೆ ಟಿ1ಎ, ಸಬ್‌ಮ್ಯೂಕೋಸಾ ಮುಟ್ಟಿದರೆ ಟಿ1ಬಿ, ಸ್ನಾಯುವಿಗೆ ಹೋದರೆ ಟಿ2, ಸಬ್‌ಸೀರೋಸಾ ತಲುಪಿದರೆ ಟಿ3. ಹೊರಪೊರೆಯನ್ನು ಹರಿದುಕೊಂಡು ಬಂದರೆ ಟಿ4ಎ. ಪಕ್ಕದ ಮೇದೋಜೀರಕ ಗ್ರಂಥಿ, ಯಕೃತ್ತು, ಗುಲ್ಮ, ದೊಡ್ಡ ಕರುಳು ಇಂಥವಕ್ಕೆ ನುಗ್ಗಿದರೆ ಟಿ4ಬಿ.

ಇಲ್ಲಿ ಒಂದು ವಿಷಯ ಗಮನಿಸಬೇಕು. ಈ ಪಟ್ಟಿಯಲ್ಲಿ ಗೆಡ್ಡೆಯ ಅಗಲ ಎಲ್ಲೂ ಇಲ್ಲ. ಸ್ತನ ಕ್ಯಾನ್ಸರಿನಲ್ಲಿ ಎಷ್ಟು ಸೆಂಟಿಮೀಟರ್ ಎಂದು ಅಳೆದು ಟಿ ಕೊಡುತ್ತಾರೆ. ಜಠರದಲ್ಲಿ ಹಾಗಲ್ಲ. ಒಳಪದರದ ಮೇಲೆ ಐದು ಸೆಂಟಿಮೀಟರ್ ಹರಡಿದ ಗೆಡ್ಡೆಯೂ ಟಿ1ಎ ಆಗಿರಬಹುದು, ಎರಡೇ ಸೆಂಟಿಮೀಟರ್ ಇದ್ದರೂ ಹೊರಪೊರೆ ಸೀಳಿದ್ದು ಟಿ4ಎ ಆಗಿರಬಹುದು. 'ದೊಡ್ಡದಂತೆ', 'ಚಿಕ್ಕದಂತೆ' ಎಂಬ ಮಾತಿನಿಂದ ಮುಂದೇನು ಅಂತ ಊಹಿಸುವುದು ಅಷ್ಟು ಸರಿಯಲ್ಲ.

ಮೊದಲ ಬಾಗಿಲು: ಸಬ್‌ಮ್ಯೂಕೋಸಾ

ಆಳ ಹೆಚ್ಚಾದಂತೆ ಅಪಾಯ ಯಾಕೆ ಹೆಚ್ಚುತ್ತದೆ? ಮಿಲಿಮೀಟರುಗಳಿಂದಲ್ಲ. ಪ್ರತಿ ಪದರದಲ್ಲೂ ಕ್ಯಾನ್ಸರಿಗೆ ಹೊರಹೋಗುವ ಒಂದು ಹೊಸ ದಾರಿ ಸಿಗುತ್ತದೆ, ಅದಕ್ಕೆ.

ಮ್ಯೂಕೋಸಾದಲ್ಲಿ ದುಗ್ಧನಾಳಗಳು (ಲಿಂಫ್ ಹರಿಯುವ ಸಣ್ಣ ಕೊಳವೆಗಳು) ಕಡಿಮೆ, ಇರುವವೂ ಅದರ ತಳಭಾಗದಲ್ಲಿ. ಸಬ್‌ಮ್ಯೂಕೋಸಾಕ್ಕೆ ಬಂದರೆ ದುಗ್ಧನಾಳ, ರಕ್ತನಾಳಗಳ ದಟ್ಟ ಜಾಲ ಇದೆ. ಕ್ಯಾನ್ಸರ್ ಕೋಶ ಅದರೊಳಗೆ ಬಿದ್ದರೆ ಸೀದಾ ಜಠರದ ಸುತ್ತಲಿನ ದುಗ್ಧಗ್ರಂಥಿಗಳಿಗೆ ಹೋಗಬಹುದು. ಹೀಗಾಗಿ ಟಿ1ಎ ಗೆಡ್ಡೆಗಳಲ್ಲಿ ಗ್ರಂಥಿಗೆ ಹರಡಿರುವುದು ಶೇ 3ರ ಆಸುಪಾಸು ಮಾತ್ರ. ಟಿ1ಬಿಗೆ ಬಂದ ಕೂಡಲೇ ಅದು ಶೇ 15ರಿಂದ 20ಕ್ಕೆ ಏರುತ್ತದೆ. ನಡುವೆ ಇರುವ ಅಂತರ ಕೂದಲೆಳೆಯಷ್ಟು.

ದೊಡ್ಡ ಕರುಳಿನ ಕತೆ ಬೇರೆ. ಅಲ್ಲಿ ಒಳಪದರದಲ್ಲಿ ದುಗ್ಧನಾಳ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಅದಕ್ಕೇ ಕರುಳಿನ ಒಳಪದರದಲ್ಲೇ ಉಳಿದ ಗೆಡ್ಡೆಯನ್ನು ಟಿ1 ಅಂತಲೂ ಕರೆಯುವುದಿಲ್ಲ, ಇನ್ನೂ ಬೇರೂರದ ಹಂತ ಅನ್ನುತ್ತಾರೆ. ಜಠರದಲ್ಲಿ ಅಂಥದ್ದೇ ಗೆಡ್ಡೆಗೆ ಟಿ1ಎ ಎಂಬ ಹೆಸರು. ಅದಕ್ಕೆ ಕಾರಣ ಆ ನಾಳಗಳು.

1962ರಲ್ಲಿ ಜಪಾನಿನ ತಜ್ಞರು 'ಆರಂಭಿಕ ಜಠರ ಕ್ಯಾನ್ಸರ್' ಎಂಬ ಪದವನ್ನು ವ್ಯಾಖ್ಯಾನಿಸಿದರು. ಮ್ಯೂಕೋಸಾ, ಸಬ್‌ಮ್ಯೂಕೋಸಾ ಮೀರದ ಗೆಡ್ಡೆ, ಗ್ರಂಥಿಗೆ ಹರಡಿದ್ದರೂ ಸರಿ, ಹರಡದಿದ್ದರೂ ಸರಿ. ಈ ಗುಂಪಿಗೆ ಸರಿಯಾದ ಚಿಕಿತ್ಸೆ ಸಿಕ್ಕರೆ ಐದು ವರ್ಷ ಬದುಕುಳಿಯುವವರು ಶೇ 90ಕ್ಕಿಂತ ಜಾಸ್ತಿ. ಹಾಗಾದರೆ ಎಲ್ಲರಿಗೂ ಜಠರ ತೆಗೆಯುವುದು ಯಾಕೆ ಎಂಬ ಪ್ರಶ್ನೆ ಹುಟ್ಟಿತು. 2000ರಲ್ಲಿ ಜಪಾನಿನಿಂದ ಬಂದ ಒಂದು ಅಧ್ಯಯನ ಇದಕ್ಕೆ ದಾರಿ ತೋರಿಸಿತು. ಸರ್ಜರಿ ಆದ 5,265 ಆರಂಭಿಕ ಕ್ಯಾನ್ಸರ್ ರೋಗಿಗಳ ಗ್ರಂಥಿಗಳನ್ನು ಹುಡುಕಿದರು. ಜೀವಕೋಶಗಳು ಒಳಪದರದ ರಸಗ್ರಂಥಿಯ (ದುಗ್ಧಗ್ರಂಥಿಯಲ್ಲ) ಆಕಾರ ಉಳಿಸಿಕೊಂಡ ಬಗೆಯ ಕ್ಯಾನ್ಸರ್, ಮ್ಯೂಕೋಸಾ ಮೀರಿಲ್ಲ, 3 ಸೆಂಟಿಮೀಟರ್ ಒಳಗಿದೆ: ಅಂಥ 1,230 ಮಂದಿಯಲ್ಲಿ ಒಬ್ಬರಿಗೂ ಗ್ರಂಥಿಗೆ ಹರಡಿರಲಿಲ್ಲ. ಅದೇ ಬಗೆಯ, ಅದೇ ಗಾತ್ರದ ಗೆಡ್ಡೆ ಸಬ್‌ಮ್ಯೂಕೋಸಾದ ಮೇಲಿನ ಅರ್ಧ ಮಿಲಿಮೀಟರ್ ಒಳಗೇ ಇದ್ದು, ನಾಳಗಳಿಗೆ ನುಗ್ಗಿರದಿದ್ದರೆ? 145 ಮಂದಿಯಲ್ಲಿ ಅಲ್ಲೂ ಸೊನ್ನೆ.

ಅರ್ಧ ಮಿಲಿಮೀಟರಿನ ಗೆರೆ ಬಂದದ್ದು ಇಲ್ಲಿಂದ. ಇಂಥ ಗೆಡ್ಡೆಯನ್ನು ಎಂಡೋಸ್ಕೋಪ್‌ನಿಂದ, ಸಬ್‌ಮ್ಯೂಕೋಸಾಕ್ಕೆ ದ್ರವ ಚುಚ್ಚಿ ಉಬ್ಬಿಸಿ, ಬುಡದಿಂದ ಬಿಡಿಸಿ ತೆಗೆಯುತ್ತಾರೆ. ಇದನ್ನು ಇಎಸ್‌ಡಿ ಅನ್ನುತ್ತಾರೆ. ಜಠರ ಉಳಿಯುತ್ತದೆ. ಒಂದು ಎಚ್ಚರ: 145ರಲ್ಲಿ ಸೊನ್ನೆ ಅಂದರೆ ಅಪಾಯವೇ ಇಲ್ಲ ಅಂತಲ್ಲ. ಲೆಕ್ಕಶಾಸ್ತ್ರದ ಪ್ರಕಾರ ನಿಜವಾದ ಅಪಾಯ ಶೇ 2.5ರವರೆಗೂ ಇರಬಹುದು. 1,230ರಲ್ಲಿ ಸೊನ್ನೆ ಅನ್ನುವುದಕ್ಕೆ ಇರುವ ಬಲ ಅದಕ್ಕಿಲ್ಲ.

ಕೆತ್ತಿ ತೆಗೆದ ಮೇಲೆ ಆಳ ಜಾಸ್ತಿ ಎಂದು ಗೊತ್ತಾದರೆ?

ಇದು ನಿಜವಾಗಲೂ ಕಷ್ಟದ ಸನ್ನಿವೇಶ. ಇಎಸ್‌ಡಿ ಮುಗಿದಿದೆ, ತುಂಡು ಮೈಕ್ರೋಸ್ಕೋಪ್ ಕೆಳಗೆ ಹೋಗಿದೆ. ಆಳ 0.3 ಮಿಲಿಮೀಟರ್ ಇರಬಹುದು ಅಂದುಕೊಂಡದ್ದು 0.8 ಬಂತು. ಈಗ ಜಠರದ ಸರ್ಜರಿ ಮಾಡಬೇಕಾ?

ಒಂದು ವಾದ: ಮಾಡಬೇಕು. ಗ್ರಂಥಿಯಲ್ಲಿ ರೋಗ ಉಳಿದು, ಆಮೇಲೆ ಬೇರೆಡೆ ಕಾಣಿಸಿಕೊಂಡರೆ ವಾಸಿ ಮಾಡುವುದು ಬಹಳ ಕಷ್ಟ. ಇನ್ನೊಂದು ವಾದ: ಹೀಗೆ ಸರ್ಜರಿಗೆ ಹೋದ ಬಹುಪಾಲು ಜನರ ಗ್ರಂಥಿಗಳಲ್ಲಿ ಕೊನೆಗೆ ಏನೂ ಸಿಗುವುದಿಲ್ಲ. ಎಂಬತ್ತು ದಾಟಿದ, ಹೃದಯ ದುರ್ಬಲ ಇರುವ ರೋಗಿಗೆ ಆ ಸರ್ಜರಿಯೇ ದೊಡ್ಡ ಅಪಾಯ.

ಇಬ್ಬರ ಮಾತಿನಲ್ಲೂ ಹುರುಳಿದೆ. ಅದಕ್ಕೇ ಜಪಾನಿನ ವೈದ್ಯರು ಇಕ್ಯೂರಾ ಎಂಬ ಅಂಕದ ಪದ್ಧತಿ ಮಾಡಿದರು. ದುಗ್ಧನಾಳದೊಳಗೆ ಕ್ಯಾನ್ಸರ್ ಕೋಶ ಕಂಡರೆ 3 ಅಂಕ. ಅರ್ಧ ಮಿಲಿಮೀಟರ್ ಅಥವಾ ಅದಕ್ಕಿಂತ ಆಳ ಇದ್ದರೆ 1. ಗಾತ್ರ 3 ಸೆಂಟಿಮೀಟರ್ ಮೀರಿದರೆ, ರಕ್ತನಾಳಕ್ಕೆ ನುಗ್ಗಿದ್ದರೆ, ತಳದ ಅಂಚಿನಲ್ಲಿ ಕ್ಯಾನ್ಸರ್ ಉಳಿದಿದ್ದರೆ ತಲಾ 1. ಒಟ್ಟು ಅಂಕ ಕಡಿಮೆ ಇದ್ದವರಲ್ಲಿ ಗ್ರಂಥಿಗೆ ಹರಡಿದ್ದು ಶೇ 2.5ರಷ್ಟು, ಜಾಸ್ತಿ ಇದ್ದವರಲ್ಲಿ ಶೇ 22ರ ಮೇಲೆ. ಅಂಕಗಳ ಹಂಚಿಕೆಯೇ ಒಂದು ಮಾತು ಹೇಳುತ್ತದೆ. ಆಳ ಅನ್ನುವುದು 'ನಾಳಕ್ಕೆ ಬಿದ್ದಿರಬಹುದು' ಎಂಬ ಅನುಮಾನ. ನಾಳದಲ್ಲಿ ಕೋಶ ಕಂಡರೆ ಅದು ಸಾಕ್ಷಿ. ಸಾಕ್ಷಿಗೆ ಮೂರು ಪಟ್ಟು ಬೆಲೆ.

ಕೊನೆಯ ಬಾಗಿಲು: ಸೀರೋಸಾ

ಸ್ನಾಯುಪದರಕ್ಕೆ ಬರುವ ಹೊತ್ತಿಗೆ ಹೆಚ್ಚುಕಡಿಮೆ ಅರ್ಧದಷ್ಟು ರೋಗಿಗಳ ಗ್ರಂಥಿಗಳಲ್ಲಿ ಕ್ಯಾನ್ಸರ್ ಇರುತ್ತದೆ. ಟಿ3ರಲ್ಲಿ ಇನ್ನೂ ಜಾಸ್ತಿ. ಆದರೂ ಅಲ್ಲಿಯವರೆಗೆ ರೋಗ ಹೋಗುವುದು ನಾಳಗಳೆಂಬ ಕೊಳವೆಗಳಲ್ಲಿ. ಸರ್ಜನ್‌ಗೆ ಆ ದಾರಿ ಗೊತ್ತು, ಗ್ರಂಥಿಗಳನ್ನು ಗುಂಪುಗುಂಪಾಗಿ ತೆಗೆಯಬಹುದು.

ಸೀರೋಸಾ ಹರಿದರೆ ಆಟವೇ ಬದಲಾಗುತ್ತದೆ. ಆ ಪೊರೆಯ ಹೊರಗೆ ಇರುವುದು ಉದರದ ಖಾಲಿ ಜಾಗ, ಪೆರಿಟೋನಿಯಂ ಎಂಬ ಪೊರೆ ಹಾಸಿದ ಕುಹರ. ಕೋಶಗಳು ಗೆಡ್ಡೆಯಿಂದ ಉದುರಿ, ಅಲ್ಲಿರುವ ಸ್ವಲ್ಪ ದ್ರವದಲ್ಲಿ ತೇಲಿ, ಎಲ್ಲಿ ಬೇಕಾದರೂ ಅಂಟಿಕೊಂಡು ಮೊಳೆಯಬಹುದು. ಬೀಜ ಚೆಲ್ಲಿದ ಹಾಗೆ. ಕರುಳಿನ ಮೇಲೆ, ಉದರದ ಪೊರೆಯ ಮೇಲೆ, ಹೆಂಗಸರಲ್ಲಿ ಅಂಡಾಶಯದ ಮೇಲೆ ಕೂಡ. ಇವು ಸಾಸಿವೆಗಿಂತ ಚಿಕ್ಕದಿದ್ದಾಗ ಸಿಟಿ ಸ್ಕ್ಯಾನ್‌ನಲ್ಲಿ ಕಾಣುವುದೇ ಇಲ್ಲ. ಆದ್ದರಿಂದ ಟಿ3, ಟಿ4 ಅನುಮಾನ ಇದ್ದರೆ ಚಿಕಿತ್ಸೆ ಶುರು ಮಾಡುವ ಮೊದಲು ಲ್ಯಾಪರೋಸ್ಕೋಪ್ ಹಾಕಿ ನೋಡುವುದು, ಸಲೈನ್‌ನಿಂದ ತೊಳೆದು ಆ ನೀರಲ್ಲಿ ಕ್ಯಾನ್ಸರ್ ಕೋಶ ಹುಡುಕುವುದು ವಾಡಿಕೆ. ಕಣ್ಣಿಗೆ ಏನೂ ಕಾಣದೆ, ತೊಳೆದ ನೀರಲ್ಲಿ ಮಾತ್ರ ಕೋಶ ಸಿಕ್ಕರೂ ಅದು ಸ್ಟೇಜ್ 4.

ಹಾಗಾದರೆ ಸರ್ಜರಿ ವೇಳೆ ಇನ್ನಷ್ಟು ತೆಗೆದರೆ, ಇನ್ನಷ್ಟು ತೊಳೆದರೆ ಆಗಲ್ವಾ? ಯೋಚನೆ ಸರಿಯಾಗೇ ಇದೆ. ಪರೀಕ್ಷಿಸಿಯೂ ನೋಡಿದರು. ಜಠರದ ಹಿಂದಿನ ಚೀಲದಂಥ ಪೊರೆಯನ್ನೂ ಬಿಡಿಸಿ ತೆಗೆಯುವ ಬರ್ಸೆಕ್ಟಮಿಯನ್ನು ಜಪಾನಿನಲ್ಲಿ ಟಿ3, ಟಿ4ಎ ಇರುವ 1,200ಕ್ಕೂ ಹೆಚ್ಚು ರೋಗಿಗಳಲ್ಲಿ ಆ ಪೊರೆ ತೆಗೆಯದ ಸರ್ಜರಿ ಜೊತೆ ಹೋಲಿಸಿದರು. 2018ರಲ್ಲಿ ಬಂದ ಉತ್ತರ: ಲಾಭ ಇಲ್ಲ. ಎಕ್ಸ್‌ಪೆಲ್ ಎಂಬ ಪ್ರಯೋಗದಲ್ಲಿ 800 ರೋಗಿಗಳನ್ನು ಸೇರಿಸಿ, ಒಂದು ಗುಂಪಿನವರ ಹೊಟ್ಟೆಯನ್ನು 10 ಲೀಟರ್ ಸಲೈನ್‌ನಿಂದ ತೊಳೆದರು. ಮೂರು ವರ್ಷ ಬದುಕುಳಿದವರು ಎರಡೂ ಗುಂಪಿನಲ್ಲಿ ಶೇ 77ರ ಹತ್ತಿರ. ಕೋಶಗಳು ಒಮ್ಮೆ ಅಂಟಿಕೊಂಡರೆ ನೀರಿಗೆ ಬಿಡುವುದಿಲ್ಲ ಅಂತಲೋ, ಅವು ಮೊದಲೇ ಬೇರೆಡೆ ಹೋಗಿರುತ್ತವೆ ಅಂತಲೋ, ಕಾರಣ ಏನೇ ಇರಲಿ, ಕೈಚಳಕದಿಂದ ಈ ಬಾಗಿಲು ಮುಚ್ಚಲು ಆಗಿಲ್ಲ. ಬಿಸಿ ಕೀಮೋ ದ್ರವವನ್ನು ಹೊಟ್ಟೆಯೊಳಗೆ ಹರಿಸುವ ಹೈಪೆಕ್ ಬಗ್ಗೆ ವಾದ ಇನ್ನೂ ನಡೆದಿದೆ.

ಅಂಕಿಗಳು ಮತ್ತು ಒಂದು ಹಳೆಯ ಗೊಂದಲ

15 ದೇಶಗಳ 25,000ಕ್ಕೂ ಹೆಚ್ಚು ರೋಗಿಗಳ ಮಾಹಿತಿ ಇಟ್ಟುಕೊಂಡು ಈಗಿನ 8ನೇ ಆವೃತ್ತಿಯ ಸ್ಟೇಜ್ ಪಟ್ಟಿ ಮಾಡಿದ್ದಾರೆ. ಗ್ರಂಥಿಗೆ ಹರಡದ ಗೆಡ್ಡೆಯನ್ನೇ ತೆಗೆದುಕೊಳ್ಳಿ. ಟಿ1 ಇದ್ದರೆ ಸ್ಟೇಜ್ 1ಎ, ಟಿ2 ಇದ್ದರೆ 1ಬಿ, ಟಿ3ಕ್ಕೆ 2ಎ, ಟಿ4ಎಗೆ 2ಬಿ, ಟಿ4ಬಿಗೆ 3ಎ. ಒಂದೊಂದು ಪದರ ದಾಟಿದ ಹಾಗೆ ಒಂದೊಂದು ಮೆಟ್ಟಿಲು. ಈ ಐದು ಸ್ಟೇಜ್‌ಗಳಲ್ಲಿ ಐದು ವರ್ಷ ಬದುಕುಳಿದವರು ಕ್ರಮವಾಗಿ ಸುಮಾರು ಶೇ 94, 88, 82, 68, 54. ಇವು ಇಡೀ ಸ್ಟೇಜ್‌ನ ಸರಾಸರಿ. ಅದೇ ಸ್ಟೇಜ್‌ಗೆ ಆಳ ಕಡಿಮೆ ಇದ್ದು ಗ್ರಂಥಿಗೆ ಹರಡಿದವರೂ ಸೇರಿರುತ್ತಾರೆ. ಇನ್ನೊಂದು ಮಾತು, ಆ ರೋಗಿಗಳಲ್ಲಿ ಬಹುಪಾಲು ಜಪಾನ್ ಮತ್ತು ಕೊರಿಯಾದವರು. ಸರ್ಜರಿಯ ಅನುಭವ ಜಾಸ್ತಿ ಇರುವ ಕಡೆಯ ಅಂಕಿಗಳಿವು. ಎಲ್ಲ ಕಡೆಗೂ ಹಾಗೇ ಹಚ್ಚಲು ಆಗದು.

ಹಳೆಯ ಲೇಖನ ಓದುವವರಿಗೆ ಇನ್ನೊಂದು ಎಡವಟ್ಟು ಕಾದಿರುತ್ತದೆ. 2010ರಲ್ಲಿ ಬಂದ 7ನೇ ಆವೃತ್ತಿ ಟಿ ಹೆಸರುಗಳನ್ನೇ ಬದಲಿಸಿತು. ಅದಕ್ಕೂ ಮೊದಲು ಸೀರೋಸಾ ಸೀಳಿದ ಗೆಡ್ಡೆಗೆ ಟಿ3 ಅನ್ನುತ್ತಿದ್ದರು. ಈಗ ಅದು ಟಿ4ಎ. ಈಗಿನ ಟಿ3 ಆಗ ಟಿ2ಬಿ ಆಗಿತ್ತು. 2005ರ ಲೇಖನದಲ್ಲಿ 'ಟಿ3'ಗೆ ಕೊಟ್ಟ ಅಂಕಿ ನೋಡಿ ಇಂದಿನ ಟಿ3 ರೋಗಿ ಹೆದರಿದರೆ, ಸುಮ್ನೆ ಹೆದರಿದ ಹಾಗಾಗುತ್ತದೆ.

ಆಳವೊಂದೇ ಎಲ್ಲ ಹೇಳುವುದಿಲ್ಲ

ಟಿ1 ಇದ್ದೂ 16 ಅಥವಾ ಹೆಚ್ಚು ಗ್ರಂಥಿಗಳಿಗೆ ಹರಡಿದ್ದರೆ ಅದು ಸ್ಟೇಜ್ 3ಬಿ. ಅಪರೂಪ, ಆದರೆ ಇದೆ. ಗ್ರಂಥಿಗಳನ್ನು ಎಣಿಸಲು ಸಾಕಷ್ಟು ಗ್ರಂಥಿ ತೆಗೆದಿರಬೇಕು ಕೂಡ. ಕನಿಷ್ಠ 16 ನೋಡಿರಬೇಕು ಎಂಬುದು ನಿಯಮ. ಐದಾರು ಮಾತ್ರ ನೋಡಿ 'ಗ್ರಂಥಿಗಳಲ್ಲಿ ಏನೂ ಇಲ್ಲ' ಅಂದರೆ ಆ ಮಾತಿಗೆ ತೂಕ ಕಡಿಮೆ.

ಕೋಶಗಳ ಸ್ವಭಾವವೂ ಮುಖ್ಯ. ಕೆಲವು ಕ್ಯಾನ್ಸರ್‌ಗಳು ಒಂದು ಉಂಡೆಯಾಗಿ ಬೆಳೆಯುವುದಿಲ್ಲ. ಒಂಟಿ ಒಂಟಿ ಕೋಶಗಳಾಗಿ ಗೋಡೆಯೊಳಗೆ ನುಸುಳುತ್ತವೆ. ಮೇಲಿನ ಮ್ಯೂಕೋಸಾ ಹೆಚ್ಚುಕಡಿಮೆ ಚೆನ್ನಾಗೇ ಕಾಣುತ್ತಿರುತ್ತದೆ, ಕೆಳಗೆ ಗೋಡೆ ಚರ್ಮದ ಚೀಲದಂತೆ ಗಟ್ಟಿಯಾಗಿರುತ್ತದೆ. ಇಂಥ ಕಡೆ ಮೇಲ್ಮೈಯಿಂದ ತೆಗೆದ ಬಯಾಪ್ಸಿಯಲ್ಲಿ ಏನೂ ಸಿಗದೆ ಹೋಗುವುದೂ ಉಂಟು.

ಆಳ ಗೊತ್ತಾಗುವುದು ಹೇಗೆ

ಸರ್ಜರಿಗೆ ಮೊದಲು ಹೇಳುವ ಆಳ ಒಂದು ಅಂದಾಜು. ರಿಪೋರ್ಟಿನಲ್ಲಿ ಟಿ ಮುಂದೆ 'ಸಿ' ಇದ್ದರೆ ಅದು ಸ್ಕ್ಯಾನ್, ಸ್ಕೋಪ್‌ಗಳ ಲೆಕ್ಕ. 'ಪಿ' ಇದ್ದರೆ ತೆಗೆದ ತುಂಡನ್ನು ಮೈಕ್ರೋಸ್ಕೋಪ್‌ನಲ್ಲಿ ನೋಡಿದ ಲೆಕ್ಕ. ಇವೆರಡನ್ನು ಕಲಸಬಾರದು.

ಎಂಡೋಸ್ಕೋಪ್ ತುದಿಯಲ್ಲಿ ಅಲ್ಟ್ರಾಸೌಂಡ್ ಇಟ್ಟು ಪದರಗಳನ್ನು ನೋಡುವ ಇಯುಎಸ್ ಒಳ್ಳೆಯ ಸಾಧನ. 2015ರಲ್ಲಿ 66 ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದಾಗ, ಆಳ ಕಡಿಮೆ ಇರುವ ಟಿ1–ಟಿ2 ಗೆಡ್ಡೆಗಳನ್ನು ಟಿ3–ಟಿ4ರಿಂದ ಬೇರ್ಪಡಿಸುವುದರಲ್ಲಿ ಅದು ಪರವಾಗಿಲ್ಲ ಅನ್ನಿಸುವಷ್ಟು ಸರಿಯಿತ್ತು. ಟಿ1ಎ ಮತ್ತು ಟಿ1ಬಿ ಬಿಡಿಸಿ ಹೇಳುವಾಗ ತಪ್ಪು ಜಾಸ್ತಿ. ಎಂಡೋಸ್ಕೋಪಿಯಾ, ಸರ್ಜರಿಯಾ ಎಂಬ ನಿರ್ಧಾರ ನಿಂತಿರುವುದು ಸರಿಯಾಗಿ ಅದೇ ಗೆರೆಯ ಮೇಲೆ ಅನ್ನುವುದು ವಿಪರ್ಯಾಸ. ಹುಣ್ಣು ಇದ್ದಲ್ಲಿ ಊತ, ಗಾಯದ ಗುರುತು ಸೇರಿ ಗೆಡ್ಡೆ ಇರುವುದಕ್ಕಿಂತ ಆಳವಾಗಿ ಕಾಣುತ್ತದೆ.

ಮೊದಲು ಕೀಮೋನಾ, ಮೊದಲು ಸರ್ಜರಿನಾ

ಈ ಅಂದಾಜಿನ ಸಮಸ್ಯೆಯೇ ಒಂದು ದೊಡ್ಡ ಭಿನ್ನಾಭಿಪ್ರಾಯದ ಬೇರು. ಯುರೋಪಿನ ದಾರಿ: ಟಿ2 ಅಥವಾ ಹೆಚ್ಚು ಆಳ, ಇಲ್ಲವೇ ಗ್ರಂಥಿಗೆ ಹರಡಿದ ಅನುಮಾನ ಇದ್ದರೆ ಮೊದಲು ಕೀಮೋ. 2019ರಲ್ಲಿ ಬಂದ ಜರ್ಮನಿಯ ಫ್ಲಾಟ್4 ಪ್ರಯೋಗ 716 ರೋಗಿಗಳಲ್ಲಿ ನಾಲ್ಕು ಔಷಧಗಳ ಕೀಮೋವನ್ನು ಹಳೆಯ ಕೀಮೋ ಜೊತೆ ಹೋಲಿಸಿತು. ರೋಗಿಗಳಲ್ಲಿ ಅರ್ಧದಷ್ಟು ಜನ ಬದುಕಿದ ಅವಧಿ 35 ತಿಂಗಳಿಂದ 50 ತಿಂಗಳಿಗೆ ಏರಿತು. ಮ್ಯಾಟರ್‌ಹಾರ್ನ್ ಕಟ್ಟಿರುವುದು ಇದರ ಮೇಲೆಯೇ.

ಜಪಾನಿನ ದಾರಿ ಬಹುಕಾಲದಿಂದ ಬೇರೆ. ಮೊದಲು ಸರ್ಜರಿ, ಮೈಕ್ರೋಸ್ಕೋಪ್‌ನಲ್ಲಿ ನಿಜವಾದ ಆಳ ನೋಡಿ ಆಮೇಲೆ ಕೀಮೋ. 2007ರ ಎಸಿಟಿಎಸ್-ಜಿಸಿ ಪ್ರಯೋಗದಲ್ಲಿ ಸರ್ಜರಿ ನಂತರ ಎಸ್-1 ಎಂಬ ಔಷಧ ತೆಗೆದುಕೊಂಡವರಲ್ಲಿ ಮೂರು ವರ್ಷ ಬದುಕಿದವರು ಶೇ 80, ತೆಗೆದುಕೊಳ್ಳದವರಲ್ಲಿ ಶೇ 70. ಅವರ ವಾದ ಸರಳ: ಆಳ ಖಚಿತವಾಗಿ ಗೊತ್ತಿಲ್ಲದೆ ಕೀಮೋ ಕೊಟ್ಟರೆ ಬೇಡದವರಿಗೂ ಕೊಟ್ಟ ಹಾಗೆ. ಅಲ್ಲಿನದೇ ಒಂದು ಅಧ್ಯಯನದಲ್ಲಿ ಟಿ3–ಟಿ4 ಅಂದುಕೊಂಡು ಸರ್ಜರಿ ಮಾಡಿದವರಲ್ಲಿ ಸುಮಾರು ಶೇ 12 ಮಂದಿ ನಿಜಕ್ಕೂ ಸ್ಟೇಜ್ 1ರಲ್ಲಿದ್ದರು. ಎದುರು ವಾದವೂ ಗಟ್ಟಿಯಾಗಿದೆ. ಜಠರ ತೆಗೆದ ಮೇಲೆ ತೂಕ ಇಳಿದು ಸುಸ್ತಾದ ರೋಗಿಗೆ ಪೂರ್ತಿ ಕೀಮೋ ಕೊಡಲು ಎಷ್ಟೋ ಸಲ ಆಗುವುದೇ ಇಲ್ಲ. ಆಳವಾದ ಗೆಡ್ಡೆಯಲ್ಲಿ ಇದು ದೊಡ್ಡ ನಷ್ಟ. ಟಿ4 ಇದ್ದು ಗ್ರಂಥಿಗಳೂ ಊದಿದ್ದರೆ ಮೊದಲು ಕೀಮೋ ಅನ್ನುವುದೇ ಹೆಚ್ಚು ಸರಿ ಅನಿಸುತ್ತದೆ. ನಿಜವಾದ ಜಗಳ ಇರುವುದು ಟಿ2ರ ಸುತ್ತ.

ಇಷ್ಟೆಲ್ಲ ವಾದಕ್ಕೆ ಕಾರಣ, ಬಹಳ ಕಡೆ ಈ ರೋಗ ಆಳಕ್ಕೆ ಇಳಿದ ಮೇಲೇ ಸಿಗುವುದು. ಟಿ1ರಲ್ಲಿ ನೋವು, ವಾಂತಿ, ತೂಕ ಇಳಿಯುವುದು ಸಾಮಾನ್ಯವಾಗಿ ಇರುವುದಿಲ್ಲ. ಕೊರಿಯಾದಲ್ಲಿ 40 ದಾಟಿದವರಿಗೆ ಎರಡು ವರ್ಷಕ್ಕೊಮ್ಮೆ ಸರ್ಕಾರವೇ ತಪಾಸಣೆ ಮಾಡಿಸುತ್ತದೆ. ಅಲ್ಲಿ ಜಠರ ಕ್ಯಾನ್ಸರ್ ರೋಗಿಗಳಲ್ಲಿ ನಾಲ್ವರಲ್ಲಿ ಮೂವರಿಗಿಂತ ಹೆಚ್ಚು ಜನ ಐದು ವರ್ಷ ದಾಟುತ್ತಾರೆ. ಅಂಥ ತಪಾಸಣೆ ಇಲ್ಲದ ಅಮೆರಿಕದಲ್ಲಿ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಬೇಗ ಪತ್ತೆಯಾದರೆ ಎಣಿಕೆಯೂ ಬೇಗ ಶುರುವಾಗುತ್ತದೆ, ಹಾಗಾಗಿ ಈ ಅಂತರದ ಸ್ವಲ್ಪ ಭಾಗ ಲೆಕ್ಕದ ಆಟ. ಉಳಿದದ್ದರಲ್ಲಿ ದೊಡ್ಡ ಪಾಲು ಆಳದ್ದು.

ಕೀಮೋ ಆದ ಮೇಲಿನ ಆಳ

ಮೊದಲು ಕೀಮೋ ಕೊಟ್ಟರೆ ರಿಪೋರ್ಟ್ ಓದುವ ರೀತಿಯೂ ಬದಲಾಗುತ್ತದೆ. ಸ್ನಾಯುಪದರದವರೆಗೆ ಗಾಯದ ಗುರುತು ಇರಬಹುದು, ಕೋಶಗಳೇ ಇಲ್ಲದ ಲೋಳೆಯ ಕೆರೆಗಳಿರಬಹುದು. ಅವನ್ನು ಆಳದ ಲೆಕ್ಕಕ್ಕೆ ಹಿಡಿಯುವುದಿಲ್ಲ, ಜೀವಂತ ಕ್ಯಾನ್ಸರ್ ಕೋಶ ಎಲ್ಲಿಯವರೆಗೆ ಇದೆಯೋ ಅದೇ ಲೆಕ್ಕ. ಬ್ರಿಟನ್ನಿನ ಮ್ಯಾಜಿಕ್ ಎಂಬ ಹಳೆಯ ಪ್ರಯೋಗದ ತುಂಡುಗಳನ್ನು ಮತ್ತೆ ಪರೀಕ್ಷಿಸಿ 2016ರಲ್ಲಿ ಒಂದು ವರದಿ ಬಂತು. ಕೀಮೋ ಪಡೆದವರಲ್ಲಿ ಗೆಡ್ಡೆ ಎಷ್ಟು ಕರಗಿತು ಅನ್ನುವುದಕ್ಕಿಂತ, ಗ್ರಂಥಿಗಳಲ್ಲಿ ಕ್ಯಾನ್ಸರ್ ಉಳಿದಿದೆಯೇ ಅನ್ನುವುದೇ ಮುಂದಿನ ಬದುಕನ್ನು ಚೆನ್ನಾಗಿ ಹೇಳಿತು. ಬಾಗಿಲು ಯಾವುದು ಅನ್ನುವ ಪ್ರಶ್ನೆ ಹಿಂದಕ್ಕೆ ಸರಿದು, ಹೊರಗೆ ಹೋದವು ಸತ್ತಿವೆಯಾ ಅನ್ನುವ ಪ್ರಶ್ನೆ ಮುಂದೆ ಬಂತು.

ಇಂಥ ರಿಪೋರ್ಟುಗಳಲ್ಲಿ ಟಿ ಮುಂದೆ 'ವೈಪಿ' ಎಂದಿರುತ್ತದೆ. ನೇರ ಸರ್ಜರಿ ಆದವರ ಟಿ2ಕ್ಕೂ ಕೀಮೋ ಆದವರ ವೈಪಿ-ಟಿ2ಕ್ಕೂ ಅರ್ಥ ಬೇರೆ. ಎರಡನೆಯದು ಟಿ4 ಆಗಿದ್ದು ಕುಗ್ಗಿದ ಗೆಡ್ಡೆಯೂ ಇರಬಹುದು. ಮೇಲೆ ಕೊಟ್ಟ ಶೇ 94, 88ರ ಲೆಕ್ಕ ಅದಕ್ಕೆ ಹೊಂದುವುದಿಲ್ಲ. 8ನೇ ಆವೃತ್ತಿ ಅದಕ್ಕೆಂದೇ ಬೇರೆ ಪಟ್ಟಿ ಕೊಟ್ಟಿದೆ.